ಹೊಗೆ ಕಂಡ ಕೂಡಲೇ ಬೋರ್ ಮಾಡಿಸಬೇಡಿ!

ಮೂಲೆ ಹಿಡಿದ ಸ್ಕೂಟರ್ ಎಬ್ಬಿಸುವವರಿಗೆ ನಾಲ್ಕು ಮಾತು

ಮಳೆ ಬಿಟ್ಟು ದೀಪಾವಳಿ ಹತ್ತಿರವಾಯಿತೆಂದರೆ ನಮ್ಮ ಕಡೆ ಮೂಲೆ ಹಿಡಿದ ಸ್ಕೂಟರುಗಳಿಗೆ ಬಿಡುಗಡೆಯ ಕಾಲ. ಕೊಟ್ಟಿಗೆಯಿಂದ, ಸೌದೆ ಶೆಡ್ಡಿನಿಂದ, ತಾರಸಿ ಮನೆಯ ಮೆಟ್ಟಿಲಡಿಯಿಂದ ಒಂದೊಂದೇ ಹೊರಗೆ ಬರುತ್ತವೆ. ಮುಂಬಯಿಯಿಂದ ರಜೆಯಲ್ಲಿ ಬಂದ ಮಗ, ದುಬೈಯಿಂದ ಬಂದ ಅಳಿಯ, ನಿವೃತ್ತರಾಗಿ ಊರು ಸೇರಿದ ಮಾಸ್ತರು - ಎಲ್ಲರಿಗೂ ಒಂದೇ ಆಸೆ. ಹಳೇ ಚೇತಕ್ ಒಮ್ಮೆ ಓಡಿಸಿ ನೋಡುವ!

ಪೆಟ್ರೋಲ್ ಹಾಕಿಯಾಯಿತು. ಪ್ಲಗ್ ಉಜ್ಜಿಯಾಯಿತು. ಸ್ಕೂಟರನ್ನು ಒಂದು ಬದಿಗೆ ಮಲಗಿಸಿ ಎತ್ತಿಯೂ ಆಯಿತು. ಇಪ್ಪತ್ತನೇ ಕಿಕ್ಕಿಗೆ ಇಂಜಿನ್ ಎದ್ದಿತು. ಮನೆಮಂದಿಗೆಲ್ಲ ಖುಷಿ. ಆದರೆ ಅರೆ ನಿಮಿಷದಲ್ಲಿ ಅಂಗಳ ಕಾಣದಷ್ಟು ಹೊಗೆ! ನೆರೆಮನೆಯವರು ಕಿಟಕಿ ಮುಚ್ಚುತ್ತಾರೆ. ಪಂಚಾಯತಿನವರು ಸೊಳ್ಳೆಗೆ ಹೊಗೆ ಬಿಡ್ಲಿಕ್ಕೆ ಬಂದದ್ದಾ ಎಂದು ದಾರಿಹೋಕರ ತಮಾಷೆ ಬೇರೆ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳ - ಎಲ್ಲಿ ಬೇಕಾದರೂ ನೋಡಿ, ಕತೆ ಇದೇ. ಇದಾದ ಮೇಲೆ ನಡೆಯುವುದು ಮೂರರಲ್ಲಿ ಒಂದು. ಒಂದನೆಯದು, "ಇಂಜಿನ್ ಆಯಿಲ್ ಕುಡೀತದೆ, ಬೋರ್ ಹೋಗಿದೆ" ಎಂದು ಯಾರೋ ಹೇಳುತ್ತಾರೆ. ಸಿಲಿಂಡರ್ ಲೇತಿಗೆ ಹೋಗುತ್ತದೆ, ಹೊಸ ಪಿಸ್ಟನ್ ಬರುತ್ತದೆ, ಸಾವಿರಾರು ರೂಪಾಯಿ ಖಾಲಿಯಾಗುತ್ತದೆ. ಹೊಗೆ ಮಾತ್ರ ಹಾಗೆಯೇ ಇರುತ್ತದೆ. ಎರಡನೆಯದು, ಹೊಗೆ ಬರುವುದು ಆಯಿಲಿನಿಂದ ತಾನೇ ಎಂದು ಜಾಣರೊಬ್ಬರು ಪೆಟ್ರೋಲಿಗೆ ಆಯಿಲ್ ಬೆರೆಸುವುದನ್ನೇ ನಿಲ್ಲಿಸುತ್ತಾರೆ. ಮೂರನೆಯದು, ಬೇಸತ್ತು ಗುಜರಿಯವನನ್ನು ಕರೆದು ಕಬ್ಬಿಣದ ತೂಕಕ್ಕೆ ಕೊಟ್ಟುಬಿಡುತ್ತಾರೆ.

ಮೊದಲನೆಯದರಲ್ಲಿ ದುಡ್ಡು ಹೋಗುತ್ತದೆ. ಮೂರನೆಯದರಲ್ಲಿ ಸ್ಕೂಟರ್ ಹೋಗುತ್ತದೆ. ಎರಡನೆಯದರಲ್ಲಿ ಜೀವವೇ ಹೋದೀತು! ಮೂರಕ್ಕೂ ಕಾರಣ ಒಂದೇ. ಹೊಗೆ ಎಲ್ಲಿಂದ ಬರುತ್ತದೆಂದು ನೋಡದೆ ಮದ್ದು ಮಾಡುವುದು.

ನಮ್ಮ ಜಿಲ್ಲೆಯಲ್ಲೇ ಯಾಕೆ ಇಷ್ಟು?

ಯಾಕೆಂದರೆ ಇಲ್ಲಿ ಸ್ಕೂಟರ್ ನಿಲ್ಲಿಸಿ ಹೋಗುವವರು ಹೆಚ್ಚು, ನಿಲ್ಲಿಸಿದ ಸ್ಕೂಟರನ್ನು ತಿನ್ನುವ ಹವೆಯೂ ಹೆಚ್ಚು. ವರ್ಷಕ್ಕೆ 4,000 ಮಿಲಿಮೀಟರಿನ ಆಚೆ ಈಚೆ ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳಲ್ಲಿ ಕಪಾಟಿನ ಚರ್ಮದ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಇಂಜಿನಿನ ಒಳಗಿನ ಕಬ್ಬಿಣದ ಪಾಡೇನು? ಕಾಪುವಿನ ಕಡೆಯಂತೂ ಕೇಳುವುದೇ ಬೇಡ. 1901ರ ಲೈಟ್‌ಹೌಸಿನ ಸುತ್ತಮುತ್ತ ಬೀಸುವ ಗಾಳಿಯಲ್ಲೇ ಉಪ್ಪುಂಟು. ಕಾರ್ಕಳದ ಗೊಮ್ಮಟ 1432ರಿಂದ ಮಳೆ ಗಾಳಿಗೆ ಮೈಯೊಡ್ಡಿ ನಿಂತಿದ್ದಾನೆ, ಏನೂ ಆಗಿಲ್ಲ. ಅವನು ಕಲ್ಲು. ಸ್ಕೂಟರ್ ಕಬ್ಬಿಣ ಮತ್ತು ರಬ್ಬರು.

ಮಣಿಪಾಲದ ಲೆಕ್ಕ ಬೇರೆ. ಅಲ್ಲಿ ವಿದ್ಯಾರ್ಥಿಗಳ ಗಾಡಿಗಳೇ ಜಾಸ್ತಿ, ಅವಕ್ಕೆ ರಜೆ ಬಂದರೆ ವನವಾಸ. 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಬೀಗ ಹಾಕಿ ಊರಿಗೆ ಹೋದವರ ಗಾಡಿಗಳು ತಿಂಗಳುಗಟ್ಟಲೆ ಮರದಡಿ ನಿಂತವು. ಅವುಗಳಲ್ಲಿ ಹೆಚ್ಚಿನವು ಹೊಸ ಕಾಲದ ಫೋರ್ ಸ್ಟ್ರೋಕ್ ಗಾಡಿಗಳು. ಅವುಗಳ ಹೊಗೆಯ ಜಾತಿಯೇ ಬೇರೆ, ಅದನ್ನು ಮುಂದೆ ನೋಡುವ.

ಹುಟ್ಟುಗುಣವೋ, ರೋಗವೋ?

ಚೇತಕ್, ಬಜಾಜ್ ಸೂಪರ್, ಪ್ರಿಯಾ, ಎಲ್‌ಎಂಎಲ್ ವೆಸ್ಪಾ - ಹೆಸರು ಹಲವು, ಮೂಲ ಒಂದೇ, ಇಟಲಿಯ ವೆಸ್ಪಾ. ಬಜಾಜಿನವರು ಇಟಲಿಯವರ ಲೈಸೆನ್ಸಿನಲ್ಲಿ ವೆಸ್ಪಾ ಮಾಡುತ್ತಿದ್ದರು. ಆ ಲೈಸೆನ್ಸ್ 1971ರಲ್ಲಿ ಮುಗಿಯಿತು. 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರಿನಲ್ಲಿ ಚೇತಕ್ ಬಂತು. ಬುಕ್ ಮಾಡಿ ವರ್ಷಗಟ್ಟಲೆ ಕಾದವರು ಈಗಲೂ ನಮ್ಮ ನಡುವೆ ಇದ್ದಾರೆ. 2000ದ ದಶಕದಲ್ಲಿ ಆ ಚೇತಕ್ ತಯಾರಿ ನಿಂತಿತು. 2020ರಿಂದ ಅದೇ ಹೆಸರಿನಲ್ಲಿ ಓಡುತ್ತಿರುವುದು ಕರೆಂಟಿನ ಸ್ಕೂಟರ್, ಅದಕ್ಕೆ ಹೊಗೆಯ ಚಿಂತೆಯೇ ಇಲ್ಲ.

ಹಳೇ ಚೇತಕ್ಕಿನದ್ದು ಟೂ ಸ್ಟ್ರೋಕ್ ಇಂಜಿನ್, ಸುಮಾರು 145 ಸಿಸಿ. ಇದರ ಗುಣ ತಿಳಿಯದೆ ರೋಗ ತಿಳಿಯದು. ಕಾರಿನಲ್ಲಿ, ಆಕ್ಟಿವಾದಲ್ಲಿ ಇರುವ ಹಾಗೆ ಇದರ ಪಿಸ್ಟನಿನ ಅಡಿಯಲ್ಲಿ ಎಣ್ಣೆಯ ಕೊಳ ಇಲ್ಲ. ಪೆಟ್ರೋಲಿನಲ್ಲೇ ಬೆರೆಸಿದ ಟೂ ಟಿ ಆಯಿಲ್ ಪಿಸ್ಟನ್ನಿಗೂ ಕ್ರ್ಯಾಂಕಿನ ಬೇರಿಂಗಿಗೂ ಮೈ ಸವರುತ್ತಾ ಹೋಗಿ ಕೊನೆಗೆ ಪೆಟ್ರೋಲಿನ ಜೊತೆ ಸುಟ್ಟು ಹೊಗೆಯಾಗುತ್ತದೆ. ಅಂದರೆ ಈ ಇಂಜಿನ್ ಎಣ್ಣೆ ಕುಡಿಯುವುದು ರೋಗವಲ್ಲ, ಹುಟ್ಟುಗುಣ. ಲೆಕ್ಕಕ್ಕಿಂತ ಹೆಚ್ಚು ಕುಡಿದರೆ ಮಾತ್ರ ರೋಗ.

ಲೆಕ್ಕ ಎಷ್ಟು? ಸಾಮಾನ್ಯವಾಗಿ ಶೇಕಡಾ 2. ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್, 5 ಲೀಟರಿಗೆ 100. ತೀರಾ ಹಳೇ ಮಾದರಿಗಳಿಗೆ ಇದಕ್ಕಿಂತ ಹೆಚ್ಚು ಬೇಕಿತ್ತು, ಗಾಡಿಯ ಪುಸ್ತಕ ಇದ್ದರೆ ನೋಡಿಕೊಳ್ಳಿ. ಹಿಂದೆ ಪೆಟ್ರೋಲ್ ಬಂಕಿನಲ್ಲೇ ಕೈಪಂಪಿನಿಂದ ಅಳೆದು ಆಯಿಲ್ ಹಾಕಿ ಕೊಡುತ್ತಿದ್ದರು. ಈಗ ಆ ಪಂಪು ಕಾಣುವುದು ಅಪರೂಪ. ಹಾಗಾಗಿ ಮನೆಯಲ್ಲೇ ಅಂದಾಜಿಗೆ ಸುರಿಯುತ್ತಾರೆ. "ಇರಲಿ, ಇಂಜಿನ್ನಿಗೆ ಒಳ್ಳೆಯದು" ಎಂದು ಎರಡು ಪಟ್ಟು ಹಾಕಿದರೆ ಹೊಗೆ ಬಾರದೆ ಇನ್ನೇನು ಬರಬೇಕು? ಇನ್ನು ಕೆಲವರು ಮನೆಯಲ್ಲಿ ಉಳಿದ ಬೈಕಿನ ಇಂಜಿನ್ ಆಯಿಲನ್ನೇ ಪೆಟ್ರೋಲಿಗೆ ಬೆರೆಸುತ್ತಾರೆ. ಆ ಎಣ್ಣೆ ಸುಡಲಿಕ್ಕೆಂದು ಮಾಡಿದ್ದಲ್ಲ. ಹೊಗೆಯೂ ಬರುತ್ತದೆ, ಪ್ಲಗ್ಗಿಗೆ ಮಸಿಯೂ ಕಟ್ಟುತ್ತದೆ.

ಮುಖ್ಯವಾದ ಮಾತು ಇಲ್ಲಿದೆ, ಓದುಗರು ನೆನಪಿಟ್ಟುಕೊಳ್ಳಬೇಕು. ಪಿಸ್ಟನ್ ಅಡಿಯಲ್ಲಿ ಎಣ್ಣೆಯೇ ಇಲ್ಲದ ಮೇಲೆ ರಿಂಗ್ ಸವೆದರೂ, ಬೋರ್ ಸಡಿಲವಾದರೂ ಅಲ್ಲಿಂದ ಮೇಲೆ ಹತ್ತಲಿಕ್ಕೆ ಎಣ್ಣೆ ಎಲ್ಲಿಂದ ಬರಬೇಕು? ಚೇತಕ್ಕಿನ ಬೋರ್ ಹೋದರೆ ಶಕ್ತಿ ಕಡಿಮೆಯಾಗುತ್ತದೆ, ಕಿಕ್ಕರ್ ಸಡಿಲ ಎನಿಸುತ್ತದೆ, ಏರಿನಲ್ಲಿ ಕಿತ್ತುಕೊಳ್ಳುವುದಿಲ್ಲ. ಹೊಗೆಯ ಮೋಡ ಏಳುವುದಿಲ್ಲ. ಆದುದರಿಂದ ಟೂ ಸ್ಟ್ರೋಕ್ ಸ್ಕೂಟರಿನ ಹೊಗೆಗೆ ಬೋರ್ ಮಾಡಿಸುವುದೆಂದರೆ ಹಲ್ಲುನೋವಿಗೆ ಮಂಡಿಗೆ ಎಣ್ಣೆ ಹಚ್ಚಿದ ಹಾಗೆ.

ಕಿಕ್ಕರ್ ಮುಟ್ಟುವ ಮೊದಲು

ಒಂದು ಮಳೆಗಾಲ ಕಳೆದ ಸ್ಕೂಟರನ್ನೂ ಹತ್ತು ವರ್ಷ ನಿಂತ ಸ್ಕೂಟರನ್ನೂ ಏಕಾಏಕಿ ಒದೆಯಬಾರದು. ಇಳಿಜಾರಿನಲ್ಲಿ ದೂಡಿ ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ. ಪಿಸ್ಟನಿನ ರಿಂಗ್ ನಿಂತಲ್ಲೇ ನಿಂತು ಸಿಲಿಂಡರಿಗೆ ತುಕ್ಕಿನ ಉಂಗುರ ಕಟ್ಟಿರುತ್ತದೆ. ಬಲವಂತವಾಗಿ ಎಳೆದರೆ ರಿಂಗ್ ಮುರಿಯುತ್ತದೆ, ಗೋಡೆ ಗೀಚಿಹೋಗುತ್ತದೆ. ಆಗ ನಿಜವಾಗಿ ಬೋರ್ ಮಾಡಿಸಬೇಕಾಗುತ್ತದೆ!

ಮೊದಲು ಪ್ಲಗ್ ಬಿಚ್ಚಿ. ಆ ತೂತಿನಲ್ಲಿ ಒಂದು ಚಮಚ ಟೂ ಟಿ ಆಯಿಲ್ ಬಿಟ್ಟು ಒಂದು ರಾತ್ರಿ ಸುಮ್ಮನೆ ಬಿಡಿ. ಮರುದಿನ ಕಿಕ್ಕರನ್ನು ಕಾಲಿನಿಂದ ಅಲ್ಲ, ಕೈಯಿಂದ ಮೆಲ್ಲಗೆ ಒತ್ತಿ. ಇಂಜಿನ್ ನುಣ್ಣಗೆ ತಿರುಗಿದರೆ ಸರಿ. ಕರಕರ ಎಂದರೆ, ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಚಮಚ ಎಣ್ಣೆ, ಇನ್ನೊಂದು ದಿನ. ಹತ್ತು ವರ್ಷ ಕಾದ ಸ್ಕೂಟರಿಗೆ ಎರಡು ದಿನ ಹೆಚ್ಚೇನೂ ಅಲ್ಲ.

ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆಯಿರಿ. ಹಿಂದಿನ ಪೆಟ್ರೋಲ್ ಹಳತಾದರೆ ಅಂಟಾಗುತ್ತಿತ್ತು, ಅಷ್ಟೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಉಂಟು. 2025ರ ಹೊತ್ತಿಗೆ ದೇಶದಲ್ಲಿ ಅದು ಶೇಕಡಾ 20ಕ್ಕೆ ಮುಟ್ಟಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಳೆಗಾಲದ ತೇವ ಕುಡಿದು ಭಾರವಾದ ಮೇಲೆ ನೀರನ್ನು ಕಟ್ಟಿಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ತಳದಲ್ಲಿ ತುಕ್ಕು, ಮೇಲೆ ಪೆಟ್ರೋಲ್. ಪೆಟ್ರೋಲ್ ಕಾಕ್ ತೆರೆದರೆ ಮೊದಲು ಇಳಿಯುವುದು ಆ ತಳದ ನೀರೇ. ಹಳೇ ಕಾಲದ ರಬ್ಬರ್ ಪೈಪು, ವಾಷರುಗಳಿಗೂ ಎಥನಾಲ್ ಆಗಿಬರುವುದಿಲ್ಲ. ಪೈಪು ಬಿರುಕು ಬಿಟ್ಟಿದ್ದರೆ ಬದಲಿಸಿ.

ಒಂದು ಎಚ್ಚರಿಕೆ. ನಮ್ಮಲ್ಲಿ ಸ್ಕೂಟರ್ ನಿಲ್ಲುವುದು ಹೆಚ್ಚಾಗಿ ಬಚ್ಚಲುಕೊಟ್ಟಿಗೆಯ ಪಕ್ಕ. ಅಲ್ಲಿ ಒಲೆ ಉರಿಯುತ್ತಿರುತ್ತದೆ. ಅಲ್ಲಿಯೇ ಕೂತು ಪೆಟ್ರೋಲ್ ತೆಗೆಯಬೇಡಿ, ಗಾಡಿಯನ್ನು ಅಂಗಳಕ್ಕೆ ತನ್ನಿ. ಸ್ಟಾರ್ಟ್ ಮಾಡುವುದೂ ಅಂಗಳದಲ್ಲೇ ಆಗಲಿ. ಮುಚ್ಚಿದ ಶೆಡ್ಡಿನ ಹೊಗೆ ವಾಸನೆಯ ಪ್ರಶ್ನೆಯಲ್ಲ, ವಿಷ.

ಮತ್ತೊಂದು ಕೆಲಸ ಹೆಚ್ಚಿನವರು ಮರೆಯುತ್ತಾರೆ. ಇಂಜಿನಿನ ಮೇಲಿನ ತಗಡಿನ ಮುಚ್ಚಳ ತೆಗೆದು ಒಳಗೆ ನೋಡಿ. ಚೇತಕ್ ತಂಪಾಗುವುದು ಫ್ಯಾನಿನ ಗಾಳಿಯಿಂದ. ಆ ಗಾಳಿಯ ದಾರಿಯಲ್ಲಿ ಇಲಿ ತೆಂಗಿನ ನಾರು, ಅಡಿಕೆ ಸಿಪ್ಪೆ ತಂದು ಗೂಡು ಕಟ್ಟಿರುತ್ತದೆ. ಸೈಲೆನ್ಸರಿನ ಬಾಯಲ್ಲಿ ಕಣಜ ಮಣ್ಣು ಮೆತ್ತಿರುತ್ತದೆ. ಇದನ್ನು ತೆಗೆಯದೆ ಓಡಿಸಿದರೆ ಐದು ಮೈಲಿಯೊಳಗೆ ಇಂಜಿನ್ ಕಾದು ಕೆಂಡ.

ಮೊದಲ ಹೊಗೆ, ಹಳೇ ಸಾಲ

ಇಷ್ಟು ಮಾಡಿ ಸ್ಟಾರ್ಟ್ ಮಾಡಿದಿರಿ, ಆದರೂ ಹೊಗೆ ಬಂತು. ಗಾಬರಿ ಬೇಡ. ಗಾಡಿ ನಿಲ್ಲಿಸಿದಾಗ ಕಾರ್ಬ್ಯುರೇಟರಿನಲ್ಲೂ ಕ್ರ್ಯಾಂಕಿನ ಪೆಟ್ಟಿಗೆಯಲ್ಲೂ ಇದ್ದ ಮಿಶ್ರಣದಲ್ಲಿ ಪೆಟ್ರೋಲ್ ಆವಿಯಾಗಿ ಹೋಗಿದೆ, ಆಯಿಲ್ ಉಳಿದಿದೆ. ಪೆಟ್ರೋಲ್ ಕಾಕ್ ಸರಿಯಾಗಿ ಮುಚ್ಚದಿದ್ದರೆ ಟ್ಯಾಂಕಿನಿಂದ ತೊಟ್ಟಿಕ್ಕಿ ತೊಟ್ಟಿಕ್ಕಿ ಆ ಸಾಲ ಬೆಳೆದಿದೆ. ಸ್ಕೂಟರನ್ನು ಮಲಗಿಸಿ ಎತ್ತುವ ನಮ್ಮ ಹಳೇ ವಿದ್ಯೆಯಿಂದ ಇನ್ನಷ್ಟು ಪೆಟ್ರೋಲ್ ಒಳಗೆ ನುಗ್ಗುತ್ತದೆ. ಜೊತೆಗೆ ಪ್ಲಗ್ಗಿನ ತೂತಿನಲ್ಲಿ ನಾವೇ ಬಿಟ್ಟ ಚಮಚ. ಸೈಲೆನ್ಸರಿನ ಒಳಗೆ ವರ್ಷಗಳ ಜಿಡ್ಡು. ಇದೆಲ್ಲ ಸುಟ್ಟು ಹೋಗಬೇಡವೇ?

ಹಾಗಾಗಿ ಲೆಕ್ಕ ಪ್ರಕಾರ ಹೊಸ ಪೆಟ್ರೋಲ್ ಬೆರೆಸಿ ಹಾಕಿ, ಊರೊಳಗಿನ ರಸ್ತೆಯಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಿ ನೋಡಿ. ನಿಂತಲ್ಲೇ ಗುರುಗುಟ್ಟಿಸಿದರೆ ಸೈಲೆನ್ಸರ್ ಕಾಯುವುದಿಲ್ಲ, ಜಿಡ್ಡು ಸುಡುವುದಿಲ್ಲ. ಹೊಗೆ ದಿನದಿಂದ ದಿನಕ್ಕೆ ಇಳಿಯುತ್ತಾ ಬಂದರೆ ಅದು ಹಳೇ ಸಾಲ, ತೀರುತ್ತಿದೆ ಎಂದು ಅರ್ಥ. ನಯಾಪೈಸೆ ಖರ್ಚಿಲ್ಲ. ತೀರದಿದ್ದರೆ ಸೈಲೆನ್ಸರ್ ಬಿಚ್ಚಿಸಿ ಒಳಗಿನ ಮಸಿ ತೆಗೆಸಬಹುದು. ಅದೂ ದೊಡ್ಡ ಖರ್ಚಲ್ಲ.

ಬಣ್ಣ ನೋಡುವುದನ್ನೂ ಕಲಿಯಿರಿ. ಕಪ್ಪು ಹೊಗೆಯಾದರೆ ಪೆಟ್ರೋಲ್ ಜಾಸ್ತಿಯಾಗುತ್ತಿದೆ. ಚೋಕ್ ಸಿಕ್ಕಿಕೊಂಡಿರಬಹುದು, ಗಾಳಿಯ ಫಿಲ್ಟರ್ ಕಟ್ಟಿರಬಹುದು. ಬೆಳಗ್ಗೆ ಸ್ವಲ್ಪ ಹೊತ್ತು ತೆಳುವಾದ ಬಿಳಿ ಆವಿ ಬಂದು ಮಾಯವಾದರೆ ಅದು ನೀರಿನ ಪಸೆ. ನೀಲಿ ಬೆರೆತ ದಟ್ಟ ಹೊಗೆ ಬಂದು ಹೋಗದೆ ನಿಂತರೆ ಎಣ್ಣೆ ಸುಡುತ್ತಿದೆ.

ಗೇರ್ ಆಯಿಲ್ ಕಳ್ಳ

ಆಯಿಲ್ ಲೆಕ್ಕ ಸರಿ, ಪೆಟ್ರೋಲ್ ಹೊಸತು, ಐವತ್ತು ಕಿಲೋಮೀಟರ್ ಓಡಿಸಿಯೂ ಆಯಿತು. ಆದರೂ ಹಿಂದಿನಿಂದ ಬರುವವರಿಗೆ ದಾರಿ ಕಾಣುವುದಿಲ್ಲ. ಹಾಗಾದರೆ ಎಣ್ಣೆ ಎಲ್ಲಿಂದ? ಈ ಸ್ಕೂಟರಿನಲ್ಲಿ ಇನ್ನೊಂದು ಎಣ್ಣೆಯ ಭಂಡಾರ ಉಂಟು, ಗೇರ್ ಪೆಟ್ಟಿಗೆ. ಅದರಲ್ಲಿ ಸುಮಾರು ಕಾಲು ಲೀಟರ್ ಎಣ್ಣೆ. ಗೇರ್ ಪೆಟ್ಟಿಗೆಗೂ ಕ್ರ್ಯಾಂಕಿನ ಪೆಟ್ಟಿಗೆಗೂ ನಡುವೆ ಕಾವಲು ಕೂತಿರುವುದು ಒಂದು ರಬ್ಬರಿನ ಬಳೆ, ಆಯಿಲ್ ಸೀಲ್.

ಸ್ಕೂಟರ್ ದಿನಾ ಓಡುತ್ತಿದ್ದರೆ ಈ ಸೀಲಿನ ತುಟಿ ಎಣ್ಣೆಯಲ್ಲಿ ನೆನೆದು ಮೆತ್ತಗಿರುತ್ತದೆ. ವರ್ಷಗಟ್ಟಲೆ ನಿಂತರೆ ಒಣಗಿ ಗಟ್ಟಿಯಾಗುತ್ತದೆ. ತುಟಿ ತಾಗಿಕೊಂಡಿದ್ದ ಕಡೆ ಕ್ರ್ಯಾಂಕಿಗೆ ತುಕ್ಕು ಹಿಡಿಯುತ್ತದೆ. ಮತ್ತೆ ಇಂಜಿನ್ ತಿರುಗಿದಾಗ ಆ ತುಕ್ಕು ಅರದ ಹಾಗೆ ತುಟಿಯನ್ನು ಉಜ್ಜಿ ತೆಗೆಯುತ್ತದೆ. ಕಾವಲುಗಾರ ಹೋದ. ಪಿಸ್ಟನ್ ಮೇಲೆ ಹೋದಾಗಲೆಲ್ಲ ಕ್ರ್ಯಾಂಕಿನ ಪೆಟ್ಟಿಗೆಯಲ್ಲಿ ನಿರ್ವಾತವಾಗಿ ಗೇರ್ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಪೆಟ್ರೋಲಿನ ಜೊತೆ ಅದೂ ಸುಡುತ್ತದೆ. ಹೊಗೆಯೋ ಹೊಗೆ!

ಕಳ್ಳನನ್ನು ಹಿಡಿಯುವುದು ಹೇಗೆ? ಸಿಲಿಂಡರ್ ಬಿಚ್ಚಬೇಕಾಗಿಯೇ ಇಲ್ಲ. ಸ್ಕೂಟರನ್ನು ಸಮ ನೆಲದಲ್ಲಿ ನಿಲ್ಲಿಸಿ, ಗೇರ್ ಎಣ್ಣೆಯನ್ನು ಪೂರ್ತಿ ಇಳಿಸಿ. ಗಾಡಿಯ ಪುಸ್ತಕದಲ್ಲಿ ಹೇಳಿದ ಹೊಸ ಎಣ್ಣೆಯನ್ನು ಅಳೆದು ಹಾಕಿ. ಮಕ್ಕಳ ಹಾಲಿನ ಹಳೇ ಬಾಟಲಿಯ ಗೆರೆ ಸಾಕು, ಆ ಬಾಟಲಿಯನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ. ನೂರು ಕಿಲೋಮೀಟರ್ ಓಡಿಸಿ. ಮತ್ತೆ ಇಳಿಸಿ ಅಳೆಯಿರಿ. ಎಣ್ಣೆ ಗಣನೀಯವಾಗಿ ಕಡಿಮೆಯಾಗಿದೆಯೇ? ಹೊರಗೆಲ್ಲಾದರೂ ಸೋರಿದೆಯೋ ಎಂದು ನೆಲ, ಹಿಂದಿನ ಚಕ್ರ, ಬ್ರೇಕಿನ ಡ್ರಮ್ಮು ನೋಡಿ. ಹೊರಗೆ ಹನಿಯೂ ಇಲ್ಲ, ಒಳಗೆ ಎಣ್ಣೆಯೂ ಇಲ್ಲ ಎಂದರೆ ಕಳ್ಳ ಸಿಕ್ಕಿದ ಹಾಗೆಯೇ. ಪ್ಲಗ್ ಬಿಚ್ಚಿದರೆ ಒದ್ದೆ ಕಪ್ಪು ಎಣ್ಣೆ ಮೆತ್ತಿರುತ್ತದೆ. ಹೊಗೆಯ ವಾಸನೆಯೂ ಟೂ ಟಿ ಆಯಿಲಿನದ್ದಲ್ಲ, ಕಮಟು.

ಕೆಲವೊಮ್ಮೆ ತಿರುಗಾ ಮುರುಗಾ ಆಗುತ್ತದೆ. ಗೇರ್ ಎಣ್ಣೆ ಕಡಿಮೆಯಾಗುವ ಬದಲು ಜಾಸ್ತಿಯಾಗಿರುತ್ತದೆ, ಮೂಸಿದರೆ ಪೆಟ್ರೋಲ್ ವಾಸನೆ. ತೆರೆದಿಟ್ಟ ಕಾಕಿನಿಂದ ಇಳಿದ ಪೆಟ್ರೋಲ್ ಕ್ರ್ಯಾಂಕ್ ಪೆಟ್ಟಿಗೆ ತುಂಬಿ ಸೀಲು ದಾಟಿ ಗೇರ್ ಪೆಟ್ಟಿಗೆ ಸೇರಿದೆ. ದಾಟಿದ್ದು ಅದೇ ಸೀಲು, ಅದೇ ರೋಗ. ಆ ನೀರಾದ ಎಣ್ಣೆಯಲ್ಲಿ ಗಾಡಿ ಓಡಿಸಬೇಡಿ, ಗೇರುಗಳು ಸವೆಯುತ್ತವೆ.

ಸೀಲಿನ ಬೆಲೆ ಪಿಸ್ಟನಿನ ಬೆಲೆಯ ಮುಂದೆ ಏನೇನೂ ಅಲ್ಲ. ಆದರೆ ಗೇರ್ ಬದಿಯ ಸೀಲಿಗೆ ಇಂಜಿನ್ ಇಳಿಸಿ ಕೇಸ್ ಎರಡು ಹೋಳು ಮಾಡಬೇಕು. ಕೆಲಸ ದೊಡ್ಡದು, ಕೂಲಿ ದೊಡ್ಡದು. ಇದೇ ಕಾರಣಕ್ಕೆ ಕೆಲವು ಕಡೆ ಸುಲಭದ ಸಿಲಿಂಡರಿಗೆ ಮೊದಲು ಕೈ ಹಾಕುತ್ತಾರೆ. ಒಮ್ಮೆ ಕೇಸ್ ಬಿಚ್ಚಿದ ಮೇಲೆ ಎರಡೂ ಬದಿಯ ಸೀಲು, ಗ್ಯಾಸ್ಕೆಟ್ಟು ಹೊಸತು ಹಾಕಿಸಿ, ಬೇರಿಂಗ್ ಸದ್ದು ಮಾಡುತ್ತಿದ್ದರೆ ಅದನ್ನೂ ಬದಲಿಸಿ. ಒಂದು ಸೀಲು ಉಳಿಸಲು ಹೋಗಿ ಎರಡು ಸಲ ಇಂಜಿನ್ ಬಿಚ್ಚಿಸುವುದು ಲಾಭವಲ್ಲ.

ಹೊಗೆ ಬಾರದ ಸೀಲು!

ಎರಡೂ ಬದಿ ಎಂದೆ. ಇನ್ನೊಂದು ಸೀಲು ಮ್ಯಾಗ್ನೆಟ್ ಬದಿಯಲ್ಲಿದೆ. ಅದು ಹೋದರೆ ಎಣ್ಣೆ ಬರುವುದಿಲ್ಲ, ಯಾಕೆಂದರೆ ಆ ಕಡೆ ಎಣ್ಣೆ ಇಲ್ಲ. ಗಾಳಿ ನುಗ್ಗುತ್ತದೆ. ಹೊಗೆ ಇಲ್ಲದ ಕಾರಣ ಇಂಜಿನ್ ಚೆನ್ನಾಗಿದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಈ ಕದ್ದ ಗಾಳಿಯಿಂದ ಪೆಟ್ರೋಲ್ ತೆಳುವಾಗುತ್ತದೆ, ಅದರಲ್ಲಿರುವ ಆಯಿಲೂ ಸಾಲುವುದಿಲ್ಲ. ಪಿಸ್ಟನ್ ಕಾದು ಹಿಗ್ಗಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಇಂಜಿನ್ ಕಚ್ಚಿದರೆ ಹಿಂದಿನ ಚಕ್ರವೂ ಅಲ್ಲಿಗೇ ಬಿಗಿಯುತ್ತದೆ. ಪಡುಬಿದ್ರಿಯಿಂದ ಬೆಳ್ಮಣ್ ದಾಟಿ ಕಾರ್ಕಳಕ್ಕೆ ಹೋಗುತ್ತಿದ್ದೀರಿ, ಹಿಂದೆ ಲಾರಿ, ಬೆನ್ನಿಗೆ ಹೆಂಡತಿ ಮಗು ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಚಕ್ರ ಬಿಗಿದರೆ ಮುಂದಿನದ್ದು ಹೇಳಬೇಕಿಲ್ಲ.

ಹೊಗೆಗೆ ಹೆದರಿ ಪೆಟ್ರೋಲಿಗೆ ಆಯಿಲ್ ಹಾಕದೆ ಓಡಿಸುವವರಿಗೂ ಇದೇ ಗತಿ. ಆಕ್ಟಿವಾ ಓಡಿಸಿ ಅಭ್ಯಾಸವಾದ ಹುಡುಗರು ಅಜ್ಜನ ಚೇತಕ್ಕಿಗೆ ಬರೀ ಪೆಟ್ರೋಲ್ ತುಂಬಿಸುವುದೂ ಉಂಟು. ಮನೆಯ ಹಿರಿಯರು ಟ್ಯಾಂಕಿನ ಮುಚ್ಚಳದ ಮೇಲೆ "ಆಯಿಲ್ ಬೆರೆಸಿ" ಎಂದು ಬರೆದು ಅಂಟಿಸಿದರೆ ಒಂದು ಜೀವ ಉಳಿದೀತು.

ಲಕ್ಷಣ ಹೀಗೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೂಗುವುದು ಇಳಿಯುವುದಿಲ್ಲ. ಬಿಸಿಯಾದ ಮೇಲೆ ಸದ್ದು ತಾನಾಗಿಯೇ ಏರುತ್ತದೆ. ಪ್ಲಗ್ ಬಿಚ್ಚಿದರೆ ಕಂದು ಬಣ್ಣದ ಬದಲು ಸುಣ್ಣದ ಹಾಗೆ ಬಿಳಿ. ಇವು ಕಂಡರೆ ಗಾಡಿ ನಿಲ್ಲಿಸಿ. ಬಹಳ ಕಾಲ ನಿಂತಿದ್ದ ಸ್ಕೂಟರನ್ನು ಮೊದಲ ನೂರು ಕಿಲೋಮೀಟರ್ ಓಡಿಸುವಾಗ ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲೆಯೇ ಇರಲಿ. ಇಂಜಿನಿನ ಸದ್ದು ಬಿಗಿದ ಹಾಗೆ ಕೇಳಿದರೆ ಕೂಡಲೇ ಕ್ಲಚ್ ಹಿಡಿಯಿರಿ, ಚಕ್ರ ಬಿಡುಗಡೆಯಾಗುತ್ತದೆ.

ಆಕ್ಟಿವಾ ಕಾಲದವರಿಗೆ

ಹೋಂಡಾ ಆಕ್ಟಿವಾ ನಮ್ಮ ದೇಶಕ್ಕೆ ಬಂದದ್ದು 2001ರಲ್ಲಿ. ಮೊದಲ ಕಾಲದ ಆಕ್ಟಿವಾಗಳೂ ಈಗ ಅಜ್ಜಂದಿರೇ. ಇವು ಫೋರ್ ಸ್ಟ್ರೋಕ್. ಇಲ್ಲಿ ಪಿಸ್ಟನ್ ಅಡಿಯಲ್ಲಿ ಎಣ್ಣೆ ಉಂಟು, ಅದು ಸುಡಬಾರದು. ಸುಟ್ಟರೆ ರೋಗವೇ. ಎಣ್ಣೆಯ ಒಟ್ಟು ಅಳತೆ ಒಂದು ಲೀಟರಿಗೂ ಕಡಿಮೆ. ಅದರಲ್ಲಿ ಅರ್ಧ ಸುಟ್ಟುಹೋದರೂ ಇಂಜಿನ್ನಿಗೆ ಆಪತ್ತು. ಆದರೂ ಅನೇಕರಿಗೆ ಎಣ್ಣೆಯ ಕಡ್ಡಿ ಎಲ್ಲಿದೆ ಎಂದೇ ಗೊತ್ತಿಲ್ಲ.

ನಿಂತ ಗಾಡಿ ಎಬ್ಬಿಸುವ ಮೊದಲು ಆ ಕಡ್ಡಿ ತೆಗೆದು ನೋಡಿ, ಮೂಸಿ. ಎಣ್ಣೆ ಗೆರೆಗಿಂತ ಮೇಲಿದ್ದು ಪೆಟ್ರೋಲ್ ವಾಸನೆ ಬಂದರೆ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ಇಳಿದಿದೆ. ತೆಳುವಾದ ಆ ಎಣ್ಣೆ ರಿಂಗ್ ದಾಟಿ ಮೇಲೆ ಹತ್ತಿ ಸುಡುತ್ತದೆ. ಮೊದಲು ಎಣ್ಣೆ ಬದಲಿಸಿ, ಕಾರ್ಬ್ಯುರೇಟರಿನ ಸೂಜಿ ಸರಿಮಾಡಿಸಿ. ಎಷ್ಟೋ ಹೊಗೆ ಇಲ್ಲಿಗೇ ಮುಗಿಯುತ್ತದೆ. 2020ರ ನಂತರದ ಬಿಎಸ್ 6 ಗಾಡಿಗಳಲ್ಲಿ ಇಂಜೆಕ್ಷನ್ ಇರುವುದರಿಂದ ಈ ತೊಂದರೆ ಕಡಿಮೆ.

ಅಲ್ಲಿಗೂ ನಿಲ್ಲದಿದ್ದರೆ ಉಳಿದದ್ದು ಎರಡು. ಒಂದು ಪಿಸ್ಟನಿನ ರಿಂಗು, ಇನ್ನೊಂದು ವಾಲ್ವಿನ ರಬ್ಬರ್ ಸೀಲು. ಯಾವುದೆಂದು ತಿಳಿಯಲು ನಮ್ಮೂರಿನಲ್ಲೇ ಒಳ್ಳೆಯ ಪರೀಕ್ಷಾ ಕೇಂದ್ರ ಇದೆ, ಇಂದ್ರಾಳಿಯಿಂದ ಮಣಿಪಾಲಕ್ಕೆ ಹತ್ತುವ ರಸ್ತೆ. ಇಂಜಿನ್ ಬಿಸಿಯಾದ ಮೇಲೆ ಆ ಏರು ಹತ್ತಿ. ಹಿಂದೆ ಇನ್ನೊಬ್ಬರು ಬೈಕಿನಲ್ಲಿ ಹೊಗೆ ನೋಡುತ್ತಾ ಬರಲಿ. ಏರಿನಲ್ಲಿ ಒತ್ತಡ ಬಿದ್ದ ಹಾಗೆ ನೀಲಿ ಹೊಗೆ ಹೆಚ್ಚಾದರೆ ರಿಂಗಿನ ಮೇಲೆ ಅನುಮಾನ. ಏರಿನಲ್ಲಿ ಏನೂ ಇಲ್ಲ, ಆದರೆ ಆಕ್ಸಿಲರೇಟರ್ ಮುಚ್ಚಿ ಇಳಿಯುತ್ತಾ ಬಂದು ಕೆಳಗೆ ಮತ್ತೆ ತಿರುಗಿಸಿದಾಗ ಬುಸ್ಸೆಂದು ಒಂದು ಮೋಡ ಬಂದರೆ ಅದು ವಾಲ್ವ್ ಸೀಲು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಹೊಗೆ ಬಿಟ್ಟು ನಂತರ ಸುಮ್ಮನಾದರೂ ಅದೇ. ರಾತ್ರಿಯಿಡೀ ಸೀಲು ದಾಟಿ ಇಳಿದ ಎಣ್ಣೆ ಅದು.

ಗ್ಯಾರೇಜಿನಲ್ಲಿ ಕಂಪ್ರೆಷನ್ ಅಳೆಯುವ ಗಡಿಯಾರ ಇದ್ದರೆ ಇನ್ನೂ ಒಳ್ಳೆಯದು. ಒಮ್ಮೆ ಹಾಗೆಯೇ ಅಳೆಯಿರಿ. ನಂತರ ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಕಡಿಮೆ ಇದ್ದದ್ದು ಎಣ್ಣೆ ಬಿಟ್ಟ ಮೇಲೆ ಚೆನ್ನಾಗಿ ಏರಿದರೆ ರಿಂಗು ಅಥವಾ ಬೋರು. ಏರದಿದ್ದರೆ ವಾಲ್ವಿನ ಕಡೆ ನೋಡಿ.

ರಿಂಗ್ ಎಂದ ಕೂಡಲೇ ಬೋರ್ ಎಂದಲ್ಲ. ನಿಂತ ಗಾಡಿಯಲ್ಲಿ ಹಳೇ ಎಣ್ಣೆ ಅಂಟಾಗಿ ರಿಂಗು ತನ್ನ ಕಾಲುವೆಯಲ್ಲೇ ಸಿಕ್ಕಿಕೊಂಡಿರುತ್ತದೆ. ಹೊಸ ಎಣ್ಣೆ ಹಾಕಿ ಕೆಲವು ನೂರು ಕಿಲೋಮೀಟರ್ ಹದವಾಗಿ ಓಡಿಸಿದರೆ ಬಿಟ್ಟುಕೊಳ್ಳುವುದುಂಟು. ಆ ಸಮಯದಲ್ಲಿ ಎಣ್ಣೆಯ ಕಡ್ಡಿಯನ್ನು ಎರಡು ಮೂರು ದಿನಕ್ಕೊಮ್ಮೆ ನೋಡುತ್ತಿರಬೇಕು, ಅಷ್ಟೆ.

ಬೋರ್ ಯಾವಾಗ?

ಬೋರ್ ಮಾಡಿಸಲೇಬಾರದು ಎಂದಲ್ಲ. ಸಿಲಿಂಡರ್ ಬಿಚ್ಚಿದಾಗ ಗೋಡೆಯಲ್ಲಿ ಉಗುರಿಗೆ ಸಿಕ್ಕುವ ಗೀರು ಇದ್ದರೆ, ತುಕ್ಕು ತಿಂದು ಗುಳಿ ಬಿದ್ದಿದ್ದರೆ, ಪಿಸ್ಟನಿಗೂ ಸಿಲಿಂಡರಿಗೂ ನಡುವಿನ ಸಂದು ಮಿತಿ ಮೀರಿದ್ದರೆ ಬೇರೆ ದಾರಿ ಇಲ್ಲ. ಆದರೆ ಕಣ್ಣಂದಾಜು ಒಪ್ಪಬೇಡಿ. ಲೇತಿನವರ ಹತ್ತಿರ ಅಳತೆಯ ಸಾಧನ ಉಂಟು. ಎಷ್ಟು ಸವೆದಿದೆ, ಮಿತಿ ಎಷ್ಟು ಎಂದು ಅಂಕಿಯಲ್ಲಿ ಕೇಳಿ. ತೆಗೆದ ಹಳೇ ಪಿಸ್ಟನ್, ರಿಂಗು, ಸೀಲುಗಳನ್ನು ಹಿಂದೆ ಕೇಳಿ ಪಡೆಯಿರಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರಿಸುವುದಿಲ್ಲ, ತಾನಾಗಿಯೇ ತೋರಿಸುತ್ತಾನೆ. ಒಂದು ಸಿಲಿಂಡರನ್ನು ಬೇಕಾದಷ್ಟು ಸಲ ಕೊರೆಯಲು ಬರುವುದಿಲ್ಲ. ಸುಮ್ಮನೆ ಕೊರೆಸಿದ ಒಂದೊಂದು ಸಲವೂ ಅದರ ಆಯುಷ್ಯ ಕಡಿಮೆಯಾದ ಹಾಗೆ.

ಕಾಗದದ ಹೊಗೆ

ಇಂಜಿನ್ ಸರಿಯಾದರೆ ಸಾಲದು, ಕಾಗದವೂ ಸರಿ ಇರಬೇಕು. 15 ವರ್ಷ ದಾಟಿದ ಸ್ಕೂಟರಿನ ನೋಂದಣಿಯನ್ನು ನವೀಕರಿಸಿರಬೇಕು, ಆ ಮೇಲೆ 5 ವರ್ಷಕ್ಕೊಮ್ಮೆ ಮತ್ತೆ ನವೀಕರಣ. ವಿಮೆ ಬೇಕೇ ಬೇಕು. ಹೊಗೆ ತಪಾಸಣೆಯ ಚೀಟಿಯೂ ಬೇಕು. 2000ದ ಮಾರ್ಚ್ 31ಕ್ಕೆ ಮೊದಲು ತಯಾರಾದ ದ್ವಿಚಕ್ರ ವಾಹನಗಳಿಗೆ ಮಿತಿ ಸಡಿಲವೇ ಇದೆ: ಕಾರ್ಬನ್ ಮೊನಾಕ್ಸೈಡ್ ಶೇಕಡಾ 4.5, ಹೈಡ್ರೋಕಾರ್ಬನ್ 9,000 ಪಿಪಿಎಂ. ಗೇರ್ ಎಣ್ಣೆ ಕುಡಿಯುವ ಇಂಜಿನಿಗೆ ಈ ಸಡಿಲ ಮಿತಿಯೂ ಕಷ್ಟ. ಸರಿಯಾಗಿ ಆಯಿಲ್ ಬೆರೆಸಿದ, ಸೀಲು ಗಟ್ಟಿ ಇರುವ ಹಳೇ ಚೇತಕ್ ಮಿತಿಯೊಳಗೆ ಬರುವುದು ಕಷ್ಟವಲ್ಲ. ನಮ್ಮ ರಸ್ತೆಯಲ್ಲಿ ನಡೆದು ಹೋಗುವ ಶಾಲೆ ಮಕ್ಕಳ ಮೂಗಿಗೂ ಒಂದು ಹಕ್ಕು ಉಂಟಲ್ಲವೇ?

ಮತ್ತೆ ನಿಲ್ಲಿಸಿ ಹೋಗುವಾಗ

ರಜೆ ಮುಗಿಯಿತು, ಮತ್ತೆ ಊರು ಬಿಡುವ ಹೊತ್ತು. ಆಗ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಪೆಟ್ರೋಲ್ ಕಾಕ್ ಮುಚ್ಚಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಲಿ, ಕಾರ್ಬ್ಯುರೇಟರ್ ಖಾಲಿಯಾಗುತ್ತದೆ. ಟ್ಯಾಂಕಿನ ಪೆಟ್ರೋಲ್ ತೆಗೆದು ಉಪಯೋಗಿಸುವವರಿಗೆ ಕೊಡಿ. ಪ್ಲಗ್ಗಿನ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ನಾಲ್ಕು ಸಲ ಕಿಕ್ಕರ್ ತಿರುಗಿಸಿ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಹಾಗೆ ತುರುಕಿದ್ದನ್ನು ಚೀಟಿಯಲ್ಲಿ ಬರೆದು ಹ್ಯಾಂಡಲಿಗೆ ಕಟ್ಟಿ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ಬೆವರುತ್ತದೆ. ಹಳೇ ಬೆಡ್‌ಶೀಟ್ ಸಾಕು. ಮನೆಯಲ್ಲಿ ಉಳಿಯುವವರಿಗೆ ಒಂದು ಮಾತು ಹೇಳಿ ಹೋಗಿ: ತಿಂಗಳಿಗೊಮ್ಮೆ ಕಿಕ್ಕರನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಸಾಕು. ಸೀಲು ಒಂದೇ ಕಡೆ ಕೂರುವುದಿಲ್ಲ, ರಿಂಗು ಒಂದೇ ಕಡೆ ತುಕ್ಕು ಹಿಡಿಯುವುದಿಲ್ಲ.

ಮುಂದಿನ ದೀಪಾವಳಿಗೆ ಬಂದು ಒದೆದಾಗ ಸ್ವಲ್ಪ ಹೊಗೆ ಬಂದೇ ಬರುತ್ತದೆ. ಬರಲಿ. ಲೇತಿಗೆ ಓಡುವ ಮೊದಲು ಗೇರ್ ಎಣ್ಣೆ ಅಳೆದು ನೋಡಿ, ಗುಜರಿಯವನನ್ನು ಕರೆಯುವ ಮೊದಲು ಐವತ್ತು ಕಿಲೋಮೀಟರ್ ಓಡಿಸಿ ನೋಡಿ. ಆಯಿಲ್ ಮಾತ್ರ ನಿಲ್ಲಿಸಬೇಡಿ, ಮಾರಾಯ್ರೇ!